ಸಲಿಕೆ ಪಾಳಿ

ರಾತ್ರಿ ಹಿಮ ಬಿದ್ದಿದೆಯೋ ಇಲ್ಲವೋ ಅಂತ ತಿಳಿಯಲು ಕಿಟಕಿಯ ಪರದೆ ಸರಿಸಬೇಕಾಗಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಗೊತ್ತಾಗುತ್ತದೆ. ಸದ್ದೇ ಇರುವುದಿಲ್ಲ. ದಿನಾ ಗೊರಗೊರ ಅನ್ನುತ್ತ ಹೋಗುವ ಬಸ್ಸಿಲ್ಲ, ನಾಯಿ ಇಲ್ಲ, ಪಕ್ಕದ ಮನೆ ಕಾರಿನ ಕೆಮ್ಮಿಲ್ಲ. ಹೊಸ ಹಿಮದೊಳಗೆ ಹಿಮಕ್ಕಿಂತ ಗಾಳಿಯೇ ಜಾಸ್ತಿ. ಸದ್ದು ಆ ಸಂದುಗಳಲ್ಲಿ ನುಗ್ಗಿ ಅಲ್ಲೇ ಅಡಗಿಬಿಡುತ್ತದೆ.

ಕವಿಗಳಿಗೆ ಇದು ಒಳ್ಳೆಯ ಹೊತ್ತು. ನನಗಲ್ಲ. ಆ ಮೌನ ಮುರಿಯುವ ಮೊದಲ ಮಾತು ಯಾವಾಗಲೂ ಒಂದೇ. ಕಣ್ಣು ಬಿಡದೆಯೇ ಹೆಂಡತಿ ಹೇಳುತ್ತಾಳೆ: "ರೀ, ಇವತ್ತು ನಿಮ್ಮ ಪಾಳಿ." ಅಂದರೆ ಮನೆಯಿಂದ ರಸ್ತೆಗೆ ಕಾರು ಹೋಗುವ ದಾರಿಯ ಹಿಮ ಎತ್ತುವ ಪಾಳಿ.

ಹೋದ ಸಲವೂ ನನ್ನದೇ ಆಗಿತ್ತು. ಚೆನ್ನಾಗಿ ನೆನಪಿದೆ. ಆದರೆ ಅದು ಪುಡಿ ಹಿಮವಂತೆ, ಲೆಕ್ಕಕ್ಕಿಲ್ಲವಂತೆ.

ಹೊರಡುವ ಶಾಸ್ತ್ರಕ್ಕೇ ಕಾಲು ಗಂಟೆ ಬೇಕು. ಒಳಗೊಂದು, ಅದರ ಮೇಲೊಂದು, ಅದರ ಮೇಲೆ ಕೋಟು, ಬೂಟು, ಟೋಪಿ, ಕೈಗವಸು. ಐದು ವರ್ಷದ ಮಗನಿಗೂ ಇಷ್ಟೆಲ್ಲ ತೊಡಿಸಿ, ಕೊನೆಯ ಜಿಪ್ ಎಳೆದು, ಉಸ್ಸಪ್ಪಾ ಅಂತ ಎದ್ದು ನಿಂತ ಕೂಡಲೇ ಅವನು ಮೆಲ್ಲಗೆ ಅನ್ನುತ್ತಾನೆ, "ಅಪ್ಪಾ, ಸುಸ್ಸು."

ಬಾಗಿಲ ಹಿಂದೆ ಮೂರು ಸಲಿಕೆಗಳಿವೆ. ಒಂದು ಅಗಲ ಬಾಯಿಯದು, ಎತ್ತಲಿಕ್ಕಲ್ಲ, ತಳ್ಳಲಿಕ್ಕೆ. ಇನ್ನೊಂದರ ಹಿಡಿ ಡೊಂಕು. ಅಂಗಡಿಯಲ್ಲಿ ಮೊದಲು ನೋಡಿದಾಗ ಯಾರೋ ಬಗ್ಗಿಸಿ ಹಾಳು ಮಾಡಿದ್ದಾರೆ ಅಂದುಕೊಂಡಿದ್ದೆ. ನಮ್ಮ ಸೊಂಟ ಜಾಸ್ತಿ ಬಗ್ಗದಿರಲಿ ಅಂತ ಅದೇ ಬಗ್ಗಿಕೊಂಡಿರುವುದು. ಮೂರನೆಯದು ಮಗನ ಕೆಂಪು ಪ್ಲಾಸ್ಟಿಕ್ ಸಲಿಕೆ. ಹಿಮ ಸ್ವಲ್ಪ ಹಸಿಯಾಗಿದ್ದರೂ ಸಾಕು, ಸಲಿಕೆಗೆ ಕಚ್ಚಿಕೊಳ್ಳುತ್ತದೆ. ಎಷ್ಟು ಬೀಸಿ ಎಸೆದರೂ ಬೀಳುವುದಿಲ್ಲ. ಅದಕ್ಕೆ ಮದ್ದು ಮೇಣದಬತ್ತಿ. ಸಲಿಕೆಯ ಬಾಯಿಗೆ ಮೇಣವನ್ನು ಗಟ್ಟಿಯಾಗಿ ಉಜ್ಜಿದರೆ ಹಿಮ ತಾನಾಗಿ ಜಾರುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸಕ್ಕಿರುವುದು ಮಗಳ ಎಂಟನೇ ಹುಟ್ಟುಹಬ್ಬಕ್ಕೆ ತಂದ 8ರ ಆಕಾರದ ಮೇಣದಬತ್ತಿ. ನಾಲ್ಕು ಚಳಿಗಾಲ ಒಂದೇ ಮಗ್ಗುಲಲ್ಲಿ ಉಜ್ಜಿ ಉಜ್ಜಿ ಈಗ ಅದು 3 ಆಗಿದೆ.

ಯಾರು ಹೇಗೆ ಹಿಮ ತೆಗೆಯುತ್ತಾರೆ ಅಂತ ನೋಡಿದರೆ ಜಾತಕ ನೋಡಬೇಕಾಗಿಲ್ಲ. ನನಗೆ ಅಂಚು ನೆಟ್ಟಗಿರಬೇಕು, ದಾರ ಹಿಡಿದು ಗೋಡೆ ಕಟ್ಟಿದ ಹಾಗೆ. ಹೆಂಡತಿ ಕಾರಿನ ಚಕ್ರಗಳಿಗೆ ಎಷ್ಟು ಬೇಕೋ ಅಷ್ಟೇ ತೆಗೆಯುತ್ತಾಳೆ. ಕಾರು ಹೊರಗೆ ಬಂದರೆ ಆಯ್ತಲ್ಲ ಅನ್ನುತ್ತಾಳೆ. ನಿಜ ಹೇಳಬೇಕೆಂದರೆ ಅವಳದೇ ಸರಿ. ಮನೆಯಲ್ಲಿ ಮಾತ್ರ ಇದನ್ನು ಹೇಳುವುದಿಲ್ಲ. ಮಗ ಒಂದೇ ಕಡೆ ನೆಲ ಕಾಣುವ ತನಕ ಅಗೆದು, ಆ ಹಿಮವನ್ನೆಲ್ಲ ನಾನು ಆಗಲೇ ತೆಗೆದು ಚೊಕ್ಕ ಮಾಡಿದ ಜಾಗಕ್ಕೆ ಹಾಕುತ್ತಾನೆ.

ಮಗಳು ಹೊರಗೇ ಬರುವುದಿಲ್ಲ. ಮೊನ್ನೆ ಬಾಗಿಲ ಸಂದಿಯಿಂದ ತಲೆ ಹಾಕಿ, "ಅಪ್ಪಾ, ನೀನು ಎಷ್ಟು ತೂಕ ಎತ್ತುತ್ತಿದ್ದೀಯ ಗೊತ್ತಾ?" ಅಂದಳು. ದಾರಿ 10 ಮೀಟರ್ ಉದ್ದ, 3 ಮೀಟರ್ ಅಗಲ, ಹಿಮ 20 ಸೆಂಟಿಮೀಟರ್. ಅಲ್ಲಿಗೆ 6 ಘನ ಮೀಟರ್. ಹೊಸ ಹಿಮ ಘನ ಮೀಟರಿಗೆ 100 ಕೆಜಿ ಅಂತ ಹಿಡಿದರೆ 600 ಕೆಜಿ. "ಹಸಿ ಹಿಮ ಆಗಿದ್ದರೆ ಇದರ ಎರಡರಷ್ಟು, ಮೂರರಷ್ಟು" ಅಂತ ಸೇರಿಸಿ ಬಾಗಿಲು ಹಾಕಿಕೊಂಡಳು. ಲೆಕ್ಕ ಸರಿಯಾಗಿಯೇ ಇತ್ತು. ಅಲ್ಲಿಯವರೆಗೆ ಸುಮ್ಮನಿದ್ದ ನನ್ನ ಸೊಂಟ ಅದನ್ನು ಕೇಳಿಸಿಕೊಂಡ ಮೇಲೆ ನೋಯತೊಡಗಿತು.

ಇಷ್ಟು ಭಾರದ್ದು ಒಂದೊಂದೇ ಹರಳಾಗಿ ಬರುವಾಗ ಎಷ್ಟು ಸಾಧುವಾಗಿ ತೇಲಿಕೊಂಡು ಬರುತ್ತದೆ ನೋಡಿ! ಕೋಟಿನ ತೋಳಿನ ಮೇಲೆ ಬಿದ್ದರೆ ಆರು ಕೈ, ಒಂದೊಂದು ಕೈಗೂ ಗರಿ. ಉಸಿರು ತಾಗಿದರೆ ಸಾಕು, ನೀರ ಹನಿ. ಅಮೆರಿಕದ ವರ್ಮಾಂಟ್‌ನಲ್ಲಿ ವಿಲ್ಸನ್ ಬೆಂಟ್ಲಿ ಅಂತ ಒಬ್ಬ ರೈತನಿದ್ದ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರಲ್ಲಿ ಇಂಥ ಒಂದು ಹರಳಿನ ಫೋಟೊ ತೆಗೆದ. ಆಮೇಲೆ ಬದುಕಿಡೀ ಅದೇ ಹುಚ್ಚು, 5,000ಕ್ಕೂ ಹೆಚ್ಚು ಫೋಟೊ. ದೊಡ್ಡ ಮನುಷ್ಯ, ಅನುಮಾನವಿಲ್ಲ. ಆದರೆ ಅವನು ಹರಳು ಹಿಡಿಯುತ್ತ ಕೂತಾಗ ಅವನ ಮನೆ ಮುಂದಿನ ಹಿಮ ಎತ್ತುವ ಪಾಳಿ ಯಾರದಿತ್ತು?

ಎದುರು ಮನೆಯವರ ಹತ್ತಿರ ಯಂತ್ರವಿದೆ. ಹಿಮವನ್ನು ನುಂಗಿ ಕೊಳವೆಯಿಂದ ಆಚೆ ಉಗುಳುತ್ತದೆ. ಕೆನಡಾದ ಕ್ವಿಬೆಕ್‌ನ ಆರ್ಥರ್ ಸಿಕಾರ್ ಇಂಥದ್ದನ್ನು 1925ರಲ್ಲಿ ಮಾಡಿದ. ಹೊಲದಲ್ಲಿ ಒಕ್ಕಣೆ ಯಂತ್ರ ನೋಡಿ ಹೊಳೆದದ್ದಂತೆ. ಎದುರು ಮನೆಯವರು ಹತ್ತು ನಿಮಿಷಕ್ಕೆ ಮುಗಿಸಿ, ನನ್ನ ಕಡೆ ನೋಡಿ, "ಒಳ್ಳೆ ವ್ಯಾಯಾಮ ಅಲ್ವಾ!" ಅನ್ನುತ್ತಾರೆ. ಗಾಳಿ ನಮ್ಮ ಕಡೆಗಿದ್ದರೆ ಅವರ ಹಿಮವೂ ನಮ್ಮದೇ.

ಒಂದು ಕೆಲಸವನ್ನು ಮಾತ್ರ ಹೆಂಡತಿ ಪಾಳಿಗೆ ಬಿಡುವುದಿಲ್ಲ. ಮನೆ ಬೆಚ್ಚಗಿಡುವ ಹೀಟರಿನ ಹೊಗೆ ಕೊಳವೆ ಪಕ್ಕದ ಗೋಡೆಯಿಂದ ಹೊರಗೆ ಬರುತ್ತದೆ, ನೆಲದಿಂದ ಮೊಳದಷ್ಟು ಮೇಲೆ. ಗಾಳಿ ಬೀಸಿ ಅಲ್ಲಿ ಹಿಮ ಗುಡ್ಡೆಯಾದರೆ ಕೊಳವೆ ಮುಚ್ಚಿಹೋಗುತ್ತದೆ. ಆಗ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗಾಳಿ ಮನೆಯೊಳಗೇ ತುಂಬಬಹುದು. ಕಾರಿನದೂ ಹಾಗೆಯೇ. ಮೊದಲು ಹೊಗೆ ಕೊಳವೆಯ ಬಾಯಿ ಬಿಡಿಸಬೇಕು, ಆಮೇಲೆ ಕೀಲಿ ತಿರುಗಿಸಬೇಕು. ಅವಳು ನೈಟಿಯ ಮೇಲೆ ನನ್ನ ಹಳೇ ಕೋಟು ಹಾಕಿಕೊಂಡು, ಮೊಣಕಾಲುದ್ದ ಹಿಮದಲ್ಲಿ ನಡೆದು ಹೋಗಿ, ಕೈಯಿಂದಲೇ ಗೋರುತ್ತಾಳೆ. ಆಮೇಲೆ ಕೈಗವಸು ಬಿಚ್ಚಿ, ಕೊಳವೆಯ ಬಾಯಿಗೆ ಅಂಗೈ ಹಿಡಿದು, ಬಿಸಿ ಗಾಳಿ ಬರುತ್ತಿದೆಯಾ ನೋಡುತ್ತಾಳೆ. ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುವ ಹಾಗೆ. ಆ ಹೊತ್ತಿನಲ್ಲಿ ನಾನೂ ಪಾಳಿಯ ಮಾತೆತ್ತುವುದಿಲ್ಲ.

ಕೊನೆಗೆ ಮೆಟ್ಟಿಲಿಗೆ ಉಪ್ಪು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಉಪ್ಪಿನ ಆಟವೂ ಅಷ್ಟಾಗಿ ನಡೆಯುವುದಿಲ್ಲ, ಮರಳೇ ಗತಿ. ಆ ಮರಳು ಬೂಟಿನ ಜೊತೆ ಒಳಗೆ ಬರುತ್ತದೆ. ಅದನ್ನು ಗುಡಿಸುವುದು ಯಾರ ಪಾಳಿ ಅನ್ನುವುದು ಬೇರೆ ಜಗಳ.

ಮೊನ್ನೆ ಇಷ್ಟೆಲ್ಲ ಮುಗಿಸಿ, ನೆಟ್ಟಗಿನ ಅಂಚನ್ನು ನೋಡುತ್ತ ನಿಂತಿದ್ದೆ. ಆಗ ರಸ್ತೆಯ ಹಿಮ ತಳ್ಳುವ ದೊಡ್ಡ ಗಾಡಿ ಬಂತು. ಹಿಮವನ್ನು ಅದು ಪಕ್ಕಕ್ಕೆ ತಳ್ಳುತ್ತದೆ. ಪಕ್ಕ ಎಂದರೆ ನಮ್ಮ ದಾರಿಯ ಬಾಯಿ. ಗಾಡಿ ದಾಟಿದ ಮೇಲೆ ನೋಡಿದರೆ ಅಲ್ಲಿ ಹೊಲದ ಬದುವಿನ ಹಾಗೆ ಒಂದು ದಿಬ್ಬ. ಇದು ಗಾಳಿ ತುಂಬಿದ ಹಿಮವಲ್ಲ. ಉಪ್ಪು, ಮರಳು, ಮಂಜುಗಡ್ಡೆಯ ಹೆಂಟೆ ಎಲ್ಲ ಕಲೆಸಿ ಒತ್ತಿದ್ದು. ಸ್ವಲ್ಪ ಹೊತ್ತು ಬಿಟ್ಟರೆ ಕಲ್ಲು. ಮಗಳ 600 ಕೆಜಿಯಲ್ಲಿ ಇದು ಸೇರಿರಲಿಲ್ಲ.

ಗಾಡಿಯವನು ಕೈ ಬೀಸಿದ. ಮಗ ಎರಡೂ ಕೈ ಬೀಸಿ ಕುಣಿದ. ನಾನು ಮನೆ ಕಡೆ ತಿರುಗಿ, "ಇದು ಬೇರೆ ಹಿಮ ಕಣೇ! ಹೊಸ ಪಾಳಿ!" ಅಂತ ಕೂಗಿದೆ.

ಸುಮಾರು ಹೊತ್ತು ಯಾರೂ ಬರಲಿಲ್ಲ. ಆಮೇಲೆ ಬಾಗಿಲು ತೆರೆಯಿತು. ಬಂದವಳು ಮಗಳು. ಕಾಲಿಗೆ ಅಮ್ಮನ ಬೂಟು, ಕೈಯಲ್ಲಿ 3 ಆಗಿದ್ದ ಮೇಣದಬತ್ತಿ. ಏನೂ ಮಾತಾಡದೆ ನನ್ನ ಡೊಂಕು ಹಿಡಿಯ ಸಲಿಕೆ ಇಸಿದುಕೊಂಡು, ಮಗುಚಿ ಹಾಕಿ, ಉಜ್ಜತೊಡಗಿದಳು.