144 ಹಾಕಿದರೆ ಹಾಲು ಹಾಕಲೂ ಹೋಗುವಂತಿಲ್ಲವೇ? ಸ್ಪಷ್ಟನೆ

'ಸಾಂಕ್ರಾಮಿಕ ರೋಗ ಬಂದು 144 ಹಾಕಿದರೆ ಯಾರೂ ಹೊಸ್ತಿಲು ದಾಟುವಂತಿಲ್ಲ, ದಾಟಿದರೆ ಪೊಲೀಸರೇ ಶಿಕ್ಷೆ ಕೊಡುತ್ತಾರೆ' ಎಂಬ ಮಾತು ತೀರ್ಥಹಳ್ಳಿ, ಹೊಸನಗರದ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

2024ರ ಜುಲೈ 1ರಿಂದ ಹಳೆಯ 144ರ (ನಿಷೇಧಾಜ್ಞೆ ಹೊರಡಿಸುವ ಕಲಂ) ಜಾಗದಲ್ಲಿರುವುದು ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಜಿಲ್ಲಾಧಿಕಾರಿಯ ಆದೇಶಕ್ಕೆ ಆಯಸ್ಸು 2 ತಿಂಗಳು. ಮುಂದುವರಿಸಲು ರಾಜ್ಯ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು, ಅದೂ ಹೆಚ್ಚೆಂದರೆ ಇನ್ನು 6 ತಿಂಗಳು. ಯಾವುದಕ್ಕೆ ನಿಷೇಧ ಎಂಬುದು ಆದೇಶದ ಒಕ್ಕಣೆಯಲ್ಲೇ ಇರುತ್ತದೆ, ಅದನ್ನು ಪೂರ್ತಿ ಓದಿ. ಗುಂಪು ಸೇರುವುದನ್ನಷ್ಟೇ ತಡೆದಿದ್ದರೆ, ಬೆಳಿಗ್ಗೆ ಕ್ಯಾನು ಹಿಡಿದು ಒಬ್ಬರೇ ಡೇರಿಗೆ ಹೋಗುವುದು ಉಲ್ಲಂಘನೆಯಲ್ಲ.

ನಿಜವಾಗಿ ಉಲ್ಲಂಘಿಸಿ ಜನರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ (ಅಪರಾಧ, ಶಿಕ್ಷೆಗಳ ಕಾನೂನು) 223ನೇ ಕಲಮಿನಡಿ 1 ವರ್ಷದವರೆಗೆ ಸಜೆ, ₹5,000ದವರೆಗೆ ದಂಡ, ಅಥವಾ ಎರಡೂ. ಆದರೆ ಶಿಕ್ಷೆ ಕೊಡುವುದು ನ್ಯಾಯಾಲಯ. ಸಂಬಂಧಪಟ್ಟ ಅಧಿಕಾರಿಯ ಲಿಖಿತ ದೂರಿಲ್ಲದೆ ಅದು ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ.