ಬೈ ಟು ಮಚ್ಚಾ

ಬೆಂಗಳೂರಲ್ಲಿ ಮಚ್ಚಾ ಅಂದರೆ ಗೆಳೆಯ. ಟೋಕಿಯೊದಲ್ಲಿ ಮಚ್ಚಾ ಅಂದರೆ ಹಸಿರು ಟೀ. ನಾವು ಟೀ ಕುದಿಸಿ ಸೋಸಿ ಸೊಪ್ಪು ಎಸೆಯುತ್ತೇವೆ. ಅವರು ಎಲೆಯನ್ನೇ ನುಣ್ಣಗೆ ಬೀಸಿ, ಬಿಸಿನೀರು ಹಾಕಿ, ಬಿದಿರಿನ ಕಡಗೋಲಿನಂಥದರಲ್ಲಿ ನೊರೆ ಬರುವಂತೆ ಕಡೆದು ಪೂರ್ತಿ ಕುಡಿಯುತ್ತಾರೆ. ಇಷ್ಟನ್ನು ತಂಗಿ ದಾರಿಯಲ್ಲೇ ಹೇಳಿದ್ದಳು. ಮಿಕ್ಕಿದ್ದು ಹೇಳುವಷ್ಟರಲ್ಲಿ ಅವಳಿಗೆ ಆಫೀಸಿನಿಂದ ಫೋನ್ ಬಂತು. ‘ನೀವು ಒಳಗೆ ಹೋಗಿರಿ, ಬಂದೆ’ ಎಂದಳು. ತಪ್ಪಾಗಿದ್ದೇ ಅಲ್ಲಿ.

ನಾವು ಹೋಗಿದ್ದು ಹಮಾರಿಕ್ಯೂ ತೋಟಕ್ಕೆ. ಟಿಕೆಟ್ 300 ಯೆನ್, 65 ದಾಟಿದವರಿಗೆ ಅರ್ಧ. ವಯಸ್ಸಾಗಿದ್ದಕ್ಕೆ ಅಮ್ಮ ಖುಷಿಪಟ್ಟಿದ್ದನ್ನು ಅವತ್ತೇ ಮೊದಲು ನೋಡಿದ್ದು. ಒಳಗೊಂದು ದೊಡ್ಡ ಕೊಳ. ಅದರಲ್ಲಿರುವುದು ಸಮುದ್ರದ ನೀರು! ಪಕ್ಕದಲ್ಲೇ ಟೋಕಿಯೊ ಕೊಲ್ಲಿ; ಅಲ್ಲಿ ಉಬ್ಬರ ಬಂದರೆ ತೂಬಿನ ಬಾಗಿಲು ತೆಗೆದು ಇಲ್ಲಿಗೂ ನೀರು ಬಿಡುತ್ತಾರೆ. ಕೊಳದ ನಡುವೆ ನಕಜಿಮಾ ಚಹಾಮನೆ. ಮರದ ಸೇತುವೆ ದಾಟಿ ಹೋಗಬೇಕು. ಹಿಂದುಗಡೆ ಗಾಜಿನ ಗಗನಚುಂಬಿಗಳು, ಮುಂದೆ ಹಿಂದೆ ಜಪಾನ್ ಆಳಿದ ಸೇನಾಧಿಪತಿಗಳಾದ ಶೋಗನ್‌ಗಳ ಕಾಲದ ಪೈನ್ ಮರಗಳು.

‘ಅಮ್ಮ, ಇದನ್ನು ಮೊದಲು ಕಟ್ಟಿದ್ದು 1707ರಲ್ಲಿ’ ಎಂದು ಗತ್ತಿನಿಂದ ಹೇಳಿದೆ.

‘ನೋಡಿದರೆ ಹೊಸದರ ಹಾಗಿದೆಯಲ್ಲೋ.’

‘ಈಗಿರೋದು 1983ರಲ್ಲಿ ಮತ್ತೆ ಕಟ್ಟಿದ್ದು.’

‘ಹಾಗಾದ್ರೆ ನಮ್ಮ ಮನೆ ಇದಕ್ಕಿಂತ ಎರಡು ವರ್ಷ ಹಳೇದು ಬಿಡು.’

ಚಪ್ಪಲಿ ಬಿಟ್ಟು ಚಾಪೆ ಹಾಸಿದ ಕೋಣೆಗೆ ಹೋದೆವು. ಸುತ್ತ ಎಲ್ಲರೂ ವಜ್ರಾಸನದಲ್ಲಿ ಕೂತಿದ್ದರು. ಮಾನ ಹೋಗಬಾರದೆಂದು ನಾನೂ ಹಾಗೇ ಕೂತೆ. ಅಮ್ಮ ಸುಮ್ನೆ ಚಕ್ಕಲಮಕ್ಕಲ ಹಾಕಿದಳು. ಬೆಲೆಪಟ್ಟಿ ನೋಡಿ ಮನಸ್ಸಲ್ಲೇ ರೂಪಾಯಿ ಲೆಕ್ಕ ಹಾಕಿದೆ. ಎದೆ ಧಸಕ್ಕೆಂದಿತು. ಸರಿ, ನಮ್ಮೂರಿನ ಉಪಾಯ ಇದ್ದೇ ಇದೆಯಲ್ಲ, ಬೈ ಟು. ಬಂದ ಹೆಣ್ಣುಮಗಳಿಗೆ ಮೊದಲು ಒಂದು ಬೆರಳು ತೋರಿಸಿದೆ. ಆಮೇಲೆ ಎರಡು ಬೆರಳು ತೋರಿಸಿ, ಅಮ್ಮನ ಕಡೆಗೂ ನನ್ನ ಕಡೆಗೂ ಕೈ ಮಾಡಿದೆ. ಅವಳು ಬಗ್ಗಿ ನಮಸ್ಕರಿಸಿ ಹೋದಳು.

ಮೂರು ಸೆಟ್ ಬಂತು. ಒಂದು, ಎರಡು, ಒಟ್ಟು ಮೂರು. ಅವಳ ಲೆಕ್ಕದಲ್ಲಿ ತಪ್ಪೇನಿಲ್ಲ.

ಜೊತೆಗೆ ಹೂವಿನ ಆಕಾರದ ಪುಟ್ಟ ಸಿಹಿ. ಊಟದ ಕೊನೆಗೆ ಪಾಯಸ ಅಂತ ನಾನು ಅದನ್ನು ಪಕ್ಕಕ್ಕಿಟ್ಟೆ. ಅಲ್ಲಿ ಸಿಹಿಯನ್ನೇ ಮೊದಲು ತಿಂದು ಮುಗಿಸಬೇಕಂತೆ, ಟೀಯ ಕಹಿ ಆಮೇಲೆ. ನನಗೆ ಕಹಿ ಮೊದಲೇ ಹತ್ತಿತು.

‘ಗೋರಂಟಿ ಕಲಸಿದ ಹಾಗಿದೆ’ ಎಂದು ಅಮ್ಮ ಬಟ್ಟಲೊಳಗೆ ಇಣುಕಿದಳು. ಬಟ್ಟಲಿನ ಚೆಂದದ ಮುಖ ನಮ್ಮ ಕಡೆಗೆ ಇಟ್ಟುಕೊಡುತ್ತಾರೆ. ಆ ಮುಖಕ್ಕೆ ಬಾಯಿ ಹಚ್ಚಬಾರದೆಂದು ಬಲಕ್ಕೆ ತುಸು ತಿರುಗಿಸಿ ಕುಡಿಯಬೇಕು. ಅಮ್ಮ ಯಾವ ಮುಖಕ್ಕೂ ಬಾಯಿ ಹಚ್ಚುವವಳಲ್ಲ. ಎಂಜಲು ಮಾಡದೆ ತಂಬಿಗೆ ಎತ್ತಿ ಕುಡಿದೇ ಎಪ್ಪತ್ತು ವರ್ಷ ಕಳೆದವಳು. ನಾನು ಬೇಡ ಎನ್ನುವುದರೊಳಗೆ ಎರಡೂ ಕೈಯಲ್ಲಿ ಬಟ್ಟಲು ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಸುರಿದುಕೊಂಡೇಬಿಟ್ಟಳು. ಬಟ್ಟಲಿಗೆ ತಂಬಿಗೆಯ ಕಂಠ ಎಲ್ಲಿಂದ ಬರಬೇಕು? ಅರ್ಧ ಬಾಯಿಗೆ ಹೋಯಿತು, ಅರ್ಧ ಮೂಗು ಗಲ್ಲಗಳ ಮೇಲೆ ಇಳಿಯಿತು.

ಒರೆಸಲು ಕಾಗದ ತರೋಣವೆಂದು ಎದ್ದೆ. ಎದ್ದೆ ಅಂದುಕೊಂಡೆ ಅಷ್ಟೆ. ಸೊಂಟದಿಂದ ಕೆಳಗೆ ಕಾಲುಗಳೇ ಇರಲಿಲ್ಲ, ಪೂರ್ತಿ ಜೋಮು! ಕೂತಲ್ಲೇ ಅಡ್ಡಬಿದ್ದೆ. ನಾನು ಸಾಷ್ಟಾಂಗ ಹಾಕಿದೆನೆಂದು ತಿಳಿದು ಎದುರಿಗಿದ್ದ ಅಜ್ಜ ತಾವೂ ಬಗ್ಗಿ ನಮಸ್ಕರಿಸಿದರು. ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ 1879ರಲ್ಲಿ ಮೇಜಿ ಚಕ್ರವರ್ತಿಯನ್ನು ಭೇಟಿಯಾಗಿದ್ದು ಇದೇ ಚಹಾಮನೆಯಲ್ಲಿ. ಅವರಿಗೆ ಕುರ್ಚಿ ಹಾಕಿರಬೇಕು.

ಅಷ್ಟೊತ್ತಿಗೆ ತಂಗಿ ಬಂದಳು. ಅಮ್ಮನ ಹಸಿರು ಮುಖ, ಬಿದ್ದುಕೊಂಡ ನಾನು, ಮೂರನೇ ಬಟ್ಟಲು, ಎಲ್ಲವನ್ನೂ ಒಂದು ಸಲ ನೋಡಿದಳು.

‘ಬೈ ಟು ಕೇಳಿದ್ಯಾ ಅಣ್ಣ?’

‘ಇಲ್ಲಿ ಅದೆಲ್ಲ ಇಲ್ಲ ಅಲ್ವಾ?’

‘ಯಾಕಿಲ್ಲ? ದೊಡ್ಡ ಚಹಾಕೂಟದಲ್ಲಿ ಗಟ್ಟಿ ಟೀ ಕೊಡ್ತಾರೆ. ಒಂದೇ ಬಟ್ಟಲು, ಎಲ್ಲ ಅತಿಥಿಗಳೂ ಒಬ್ಬರಾದ ಮೇಲೆ ಒಬ್ಬರು ಅದರಲ್ಲೇ ಕುಡೀತಾರೆ. ಅಂಚು ಒರೆಸಿ ಪಕ್ಕದವರಿಗೆ ಕೊಡೋದು. ಇದು ತೆಳು ಟೀ, ಅದಕ್ಕೇ ಬೇರೆ ಬೇರೆ.’

ಅಮ್ಮ ಮುಖ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು.

‘ಎಲ್ಲರೂ ಒಂದೇ ಬಟ್ಟಲಲ್ಲಾ? ಕಚ್ಚಿ ಕುಡಿದು?’

‘ಹೂಂ.’

ಅಮ್ಮ ಮೂರನೇ ಬಟ್ಟಲನ್ನು ಎರಡೂ ಕೈಯಿಂದ ತಂಗಿಯ ಕಡೆ ಸರಿಸಿ ನನ್ನತ್ತ ತಿರುಗಿದಳು. ‘ಮೂರು ಹೇಳಿದ್ದು ಒಳ್ಳೇದೇ ಆಯ್ತು ಕಣೋ.’