ನೋವು ಉಂಡವರೆಲ್ಲ ಗಟ್ಟಿಯಾಗುತ್ತಾರೆಯೇ? ಒಂದು ಸ್ಪಷ್ಟನೆ

“ಆಘಾತ ಕಂಡವರೆಲ್ಲ ಮೊದಲಿಗಿಂತ ಗಟ್ಟಿಯಾಗುತ್ತಾರೆ, ನಂಬಿಕೆಯಿದ್ದರೆ ಚಿಕಿತ್ಸೆಯೇ ಬೇಡ, ಮನೋವಿಜ್ಞಾನವೂ ಇದನ್ನು ಒಪ್ಪಿದೆ” ಎಂಬ ಸಂದೇಶ ಹರಿದಾಡುತ್ತಿದೆ. ಒಪ್ಪಿಲ್ಲ.

ಆಘಾತದ ನಂತರದ ಬೆಳವಣಿಗೆಯನ್ನು, ಅಂದರೆ ಪೆಟ್ಟು ತಿಂದ ಮೇಲೆ ಕೆಲವರಲ್ಲಿ ಕಾಣುವ ಒಳ್ಳೆಯ ಬದಲಾವಣೆಯನ್ನು, ಅಧ್ಯಯನ ಮಾಡಿದವರು ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್ಹೂನ್. 1996ರಲ್ಲಿ ಪ್ರಕಟಿಸಿದ ಇದನ್ನು ಅಳೆಯುವ ಅವರ 21 ಪ್ರಶ್ನೆಗಳ ಮಾಪನದಲ್ಲಿ ಆಧ್ಯಾತ್ಮಿಕ ಬದಲಾವಣೆಯೂ ಇದೆ, ನಿಜ. ಆದರೆ ಬೆಳವಣಿಗೆ ಹುಟ್ಟುವುದು ಪೆಟ್ಟಿನಿಂದಲ್ಲ, ಪೆಟ್ಟಿನ ನಂತರದ ಗುದ್ದಾಟದಿಂದ. ಎಲ್ಲರಿಗೂ ಆಗಲೇಬೇಕೆಂದೂ ಇಲ್ಲ ಎಂಬುದು ಅವರದೇ ನಿಲುವು. ಬೆಳೆದವರಲ್ಲೂ ನೋವು ಉಳಿದಿರಬಹುದು. ಪ್ರಾರ್ಥನೆಯಲ್ಲಿ ನೆಮ್ಮದಿ ಕಂಡವರೇ ಅಪರಾತ್ರಿ ಫೋನ್ ರಿಂಗಾದರೆ ಬೆಚ್ಚಿ ಬೆವತು, ಎತ್ತಲಾರದೆ ಕೂರಬಹುದು. ಅದು ನಂಬಿಕೆಯ ಕೊರತೆಯಲ್ಲ. (ಇಂಥ ಸಂದೇಶ ಕಳಿಸುವವರು ಪೆಟ್ಟು ತಿಂದವರಲ್ಲವೆಂದು ನನ್ನ ಗುಮಾನಿ.) ನಿದ್ದೆಗೆಟ್ಟು, ಹಳೆಯ ದೃಶ್ಯಗಳು ಮರುಕಳಿಸುತ್ತ ತಿಂಗಳು ದಾಟಿದರೆ ಮನೋವೈದ್ಯರನ್ನು ಕಾಣಿ. ಅದಕ್ಕಾಗಿ ಪ್ರಾರ್ಥನೆ ಬಿಡಬೇಕೆಂದೇನಿಲ್ಲ.